ನೂರು ಅಂಕ ಯಾರ ಕೈಯಲ್ಲಿ?

ಎಂ.ಎಸ್ಸಿ ನರ್ಸಿಂಗ್ ಪ್ರಾಯೋಗಿಕ ಪರೀಕ್ಷೆಗೆ ದಿನಕ್ಕೆ ಹತ್ತು ಮಂದಿಗಿಂತ ಹೆಚ್ಚು ಅಭ್ಯರ್ಥಿಗಳು ಇರಬಾರದು. ಪರೀಕ್ಷೆ ಆಯಾ ವಿಷಯದ ವಾರ್ಡಿನಲ್ಲೇ ನಡೆಯಬೇಕು. ಕಾಲೇಜಿನ ಒಳಗಿನವರೊಬ್ಬರು, ಹೊರಗಿನಿಂದ ಬಂದವರೊಬ್ಬರು, ಹೀಗೆ ಇಬ್ಬರು ಪರೀಕ್ಷಕರು ಜೊತೆಯಾಗಿ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಪರೀಕ್ಷಿಸಬೇಕು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಬರೆದಿಟ್ಟ ನಿಯಮಗಳಿವು. ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಸಂಜೆ ನಾಲ್ಕಕ್ಕೆ ಮುಗಿಯುವ ಪರೀಕ್ಷೆ ಎಂದಿಟ್ಟುಕೊಳ್ಳಿ. ಹತ್ತು ಮಂದಿಗೆ ಹಂಚಿದರೆ ಒಬ್ಬರ ಪಾಲಿಗೆ ಬರುವುದು 48 ನಿಮಿಷ. ಊಟ, ಚಹಾ, ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಓಡಾಡುವ ಹೊತ್ತು ಕಳೆದರೆ ಇನ್ನೂ ಕಡಿಮೆ. ಆ ಅವಧಿಗೆ 100 ಅಂಕ.

ಅದೇ ವಿಷಯದ ಪ್ರಾಯೋಗಿಕಕ್ಕೆ ಇನ್ನೂ 100 ಅಂಕ ಇವೆ. ಅವನ್ನು ಕೊಡುವುದು ವಿದ್ಯಾರ್ಥಿ ಓದುವ ಕಾಲೇಜಿನ ಬೋಧಕರೇ. ವರ್ಷವಿಡೀ ವಾರ್ಡಿನಲ್ಲಿ ಮಾಡಿದ ಕೆಲಸಕ್ಕೆ, ಅಂದರೆ ಮೊದಲ ವರ್ಷದ ಕ್ಲಿನಿಕಲ್ ಸ್ಪೆಷಾಲಿಟಿಯ 650 ಗಂಟೆಗಳಿಗೆ, ಸಲ್ಲುವ ಅಂಕಗಳವು. ಪರೀಕ್ಷೆ ಹತ್ತಿರ ಬಂದಾಗ ಹಾಸ್ಟೆಲಿನಲ್ಲಿ ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಮೊದಲ ನೂರರ ಬಗ್ಗೆ. ಎಕ್ಸ್ಟರ್ನಲ್ ಯಾರು ಬರುತ್ತಾರೆ, ಯಾವ ಊರಿನವರು, ವೈವಾದಲ್ಲಿ ಏನು ಕೇಳುತ್ತಾರೆ ಎಂಬುದೇ ಮಾತು. ಎರಡನೇ ನೂರರ ಬಗ್ಗೆ ಯಾರೂ ಅಷ್ಟು ಮಾತಾಡುವುದಿಲ್ಲ. ನರ್ಸಿಂಗ್ ಸ್ನಾತಕೋತ್ತರ ಶಿಕ್ಷಣದ ಒಳ್ಳೆಯದೂ ಕೆಟ್ಟದ್ದೂ ಆ ಎರಡನೇ ನೂರರಲ್ಲೇ ಅಡಗಿದೆ ಎಂಬುದು ನನ್ನ ನಂಬಿಕೆ.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಕೌನ್ಸಿಲ್ಲಿನ ಪಠ್ಯಕ್ರಮದಂತೆ ಮೊದಲ ವರ್ಷ ನಾಲ್ಕು ಥಿಯರಿ ಪತ್ರಿಕೆಗಳು: ನರ್ಸಿಂಗ್ ಎಜುಕೇಶನ್, ಅಡ್ವಾನ್ಸ್ಡ್ ನರ್ಸಿಂಗ್ ಪ್ರಾಕ್ಟೀಸ್, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ, ಜೊತೆಗೆ ಆರಿಸಿಕೊಂಡ ಸ್ಪೆಷಾಲಿಟಿ. ಒಂದೊಂದಕ್ಕೂ ಮೂರು ಗಂಟೆಯ ಪರೀಕ್ಷೆಗೆ 75, ಇಂಟರ್ನಲ್ 25. ಪ್ರಾಯೋಗಿಕದಲ್ಲಿ ನರ್ಸಿಂಗ್ ಎಜುಕೇಶನ್ನಿಗೆ 50 ಮತ್ತು 50, ಸ್ಪೆಷಾಲಿಟಿಗೆ 100 ಮತ್ತು 100. ಎರಡನೇ ವರ್ಷ ನರ್ಸಿಂಗ್ ಮ್ಯಾನೇಜ್‌ಮೆಂಟ್ ಮತ್ತು ಸ್ಪೆಷಾಲಿಟಿಯ ಎರಡನೇ ಭಾಗಕ್ಕೆ ಥಿಯರಿ ಪತ್ರಿಕೆ. ಪ್ರಾಯೋಗಿಕದಲ್ಲಿ ಸ್ಪೆಷಾಲಿಟಿಗೆ ಮತ್ತೆ ನೂರು-ನೂರು, ಡಿಸರ್ಟೇಶನ್ ಮತ್ತು ಅದರ ವೈವಾಕ್ಕೆ ನೂರು-ನೂರು. ಎರಡೂ ವರ್ಷ ಕೂಡಿಸಿದರೆ 1300 ಅಂಕ. ಅದರಲ್ಲಿ 500 ಅಂಕ ಇಂಟರ್ನಲ್. ವಿಶ್ವವಿದ್ಯಾಲಯಗಳು ಈ ಚೌಕಟ್ಟಿನೊಳಗೆ ತಮ್ಮ ತಮ್ಮ ಅಧಿನಿಯಮ ಬರೆದುಕೊಳ್ಳುತ್ತವೆ. ಕರ್ನಾಟಕದಲ್ಲಿ ಬಹುಪಾಲು ಕಾಲೇಜುಗಳಿಗೆ 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ನಿಯಮವೇ ನಿಯಮ. ಹಾಗಾಗಿ ಈಗಷ್ಟೇ ಸೇರಿದವರು ಸೀನಿಯರ್‌ಗಳ ಮಾತು ನಂಬಿ ಕೂರದೆ ತಮ್ಮ ವಿಶ್ವವಿದ್ಯಾಲಯದ ಅಧಿನಿಯಮವನ್ನು ಒಮ್ಮೆ ಕೂತು ಓದುವುದು ಒಳ್ಳೆಯದು.

ಉತ್ತೀರ್ಣರಾಗಲು ಥಿಯರಿಯಲ್ಲೂ ಪ್ರಾಯೋಗಿಕದಲ್ಲೂ ಪ್ರತ್ಯೇಕವಾಗಿ ಶೇ 50 ಬೇಕು. ಒಂದರಲ್ಲಿ ಹೆಚ್ಚು ಬಂದದ್ದನ್ನು ಇನ್ನೊಂದರ ಕೊರತೆಗೆ ತುಂಬಿಕೊಳ್ಳುವಂತಿಲ್ಲ. ಒಂದು ವಿಷಯದ ಥಿಯರಿ ಮತ್ತು ಪ್ರಾಯೋಗಿಕದಲ್ಲಿ ಯಾವುದೊಂದು ಕೈಕೊಟ್ಟರೂ ಎರಡನ್ನೂ ಮತ್ತೆ ಬರೆಯಬೇಕು ಎಂಬ ನಿಯಮ ಹಲವರಿಗೆ ಸಿಟ್ಟು ತರಿಸುತ್ತದೆ. ರೋಗಿಯ ಪಕ್ಕದಲ್ಲಿ ಚೆನ್ನಾಗಿ ಮಾಡಿದವಳು ಥಿಯರಿಯಲ್ಲಿ ಎರಡು ಅಂಕ ಕಡಿಮೆ ಬಿದ್ದರೆ ಮತ್ತೆ ವಾರ್ಡ್ ಪರೀಕ್ಷೆಗೂ ನಿಲ್ಲಬೇಕೇ? ನೋವು ಅರ್ಥವಾಗುವಂಥದ್ದೇ. ಶುಲ್ಕ, ತಿಂಗಳುಗಟ್ಟಲೆ ಕಾಯುವಿಕೆ, ಮನೆಯವರ ಪ್ರಶ್ನೆಗಳು, ಎಲ್ಲವೂ ಅವಳ ಮೇಲೇ. ಆದರೂ ನಿಯಮದ ಹಿಂದಿರುವ ಯೋಚನೆ ಸರಿ ಎಂದೇ ನನಗನಿಸುತ್ತದೆ. ಔಷಧಿಯ ಪ್ರಮಾಣ ಯಾಕೆ ಬದಲಾಯಿತು ಎಂದು ತಿಳಿಯದ ಕೈಯೂ, ತಿಳಿದದ್ದನ್ನು ಮಾಡಲಾಗದ ತಲೆಯೂ ರೋಗಿಯ ಮಟ್ಟಿಗೆ ಒಂದೇ ರೀತಿಯ ಅಪಾಯ.

ಹಾಜರಿಯ ನಿಯಮ ಇನ್ನೂ ಬಿಗಿ. ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲಿ ಶೇ 80 ಹಾಜರಿ ಬೇಕು; ಗೈರಿಗೆ ಕಾರಣ ಏನೇ ಇರಲಿ, ಲೆಕ್ಕ ಒಂದೇ. ಪದವಿ ಕೈಗೆ ಬರಬೇಕಾದರೆ ಕ್ಲಿನಿಕಲ್ ಪೋಸ್ಟಿಂಗಿನಲ್ಲಿ ಶೇ 100. ಜ್ವರ ಬಂದು ಮಲಗಿದ ದಿನಗಳನ್ನೂ ಆಮೇಲೆ ಡ್ಯೂಟಿ ಮಾಡಿ ತೀರಿಸಬೇಕು. ಒಂದು ವಿಷಯಕ್ಕೆ ಮೊದಲ ಪ್ರಯತ್ನವೂ ಸೇರಿ ಮೂರೇ ಪ್ರಯತ್ನ. ಮೊದಲ ವರ್ಷದ ವಿಷಯ ಉಳಿದರೂ ಎರಡನೇ ವರ್ಷದ ತರಗತಿಗೆ ಹೋಗಬಹುದು, ಆದರೆ ಹಳೆಯದು ಪಾಸಾಗುವವರೆಗೆ ಎರಡನೇ ವರ್ಷದ ಪರೀಕ್ಷೆಗೆ ಕೂರುವಂತಿಲ್ಲ. ಎಲ್ಲವೂ ನಾಲ್ಕು ವರ್ಷದೊಳಗೆ ಮುಗಿಯಬೇಕು. ಈ ಕೋರ್ಸಿಗೆ ಬರುವವರು ಬಿ.ಎಸ್ಸಿ ಮುಗಿಸಿ ಕನಿಷ್ಠ ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿದವರು. ಅನೇಕರಿಗೆ ಮದುವೆಯಾಗಿರುತ್ತದೆ, ಕೆಲವರು ಓದಿನ ನಡುವೆಯೇ ತಾಯಿಯಾಗುತ್ತಾರೆ. ಎರಡು ವರ್ಷದ ಕೋರ್ಸಿಗೆ ನಾಲ್ಕು ವರ್ಷದ ಗಡುವು ಅಂಥವರಿಗೆ ಉಸಿರಾಡಲು ಸಿಕ್ಕ ಜಾಗ. ಅದನ್ನು ಕಾಲೇಜುಗಳು ಪ್ರವೇಶದ ದಿನವೇ ವಿದ್ಯಾರ್ಥಿನಿಯರಿಗೆ ಬಿಡಿಸಿ ಹೇಳಬೇಕು.

ಈಗ ಆ 650 ಗಂಟೆಗಳ ಕಡೆಗೆ ಬರೋಣ. ಅವು ಯಾಕೆ ಮುಖ್ಯ ಎಂಬುದನ್ನು ತಿಳಿಯಲು ಅಮೆರಿಕದ ವೈದ್ಯಕೀಯ ಶಿಕ್ಷಣತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಮುಂದಿಟ್ಟ ಪಿರಮಿಡ್ಡನ್ನು ನೆನೆಯಬೇಕು. ಕಲಿತವರ ಸಾಮರ್ಥ್ಯಕ್ಕೆ ಅವರು ನಾಲ್ಕು ಮಜಲು ಹೇಳಿದರು. ಕೆಳಗಿನದು ವಿಷಯ ಗೊತ್ತಿರುವುದು. ಅದರ ಮೇಲೆ, ಹೇಗೆ ಮಾಡಬೇಕೆಂದು ಗೊತ್ತಿರುವುದು. ಮೂರನೆಯದು ಮಾಡಿ ತೋರಿಸುವುದು. ತುದಿಯಲ್ಲಿರುವುದು, ಯಾರೂ ಪರೀಕ್ಷೆ ಮಾಡದಿದ್ದಾಗಲೂ ದಿನನಿತ್ಯದ ಕೆಲಸದಲ್ಲಿ ಅದನ್ನೇ ಮಾಡುವುದು. ನಮ್ಮ ಅಂಕಪಟ್ಟಿಯನ್ನು ಇದರ ಪಕ್ಕ ಇಟ್ಟು ನೋಡಿ. ಮೂರು ಗಂಟೆಯ ಥಿಯರಿ ಪತ್ರಿಕೆ ಮೊದಲ ಎರಡು ಮಜಲನ್ನು ಮುಟ್ಟುತ್ತದೆ. ಪರೀಕ್ಷಕರ ಮುಂದೆ ನಡೆಯುವ ಪ್ರಾಯೋಗಿಕ ಮೂರನೆಯದನ್ನು. ನಾಲ್ಕನೆಯದನ್ನು ಕಾಣಬಲ್ಲವರು ತಿಂಗಳುಗಟ್ಟಲೆ ಜೊತೆಗಿದ್ದ ಬೋಧಕರು ಮತ್ತು ವಾರ್ಡಿನ ಹಿರಿಯ ಸಿಸ್ಟರ್‌ಗಳು ಮಾತ್ರ. ನಿಯಮ ಬರೆದವರು ಇಂಟರ್ನಲ್ಲಿಗೆ ಸಮಪಾಲು ಕೊಟ್ಟದ್ದರಲ್ಲಿ ಅರ್ಥವಿದೆ. ರಾತ್ರಿ ಪಾಳಿಯಲ್ಲಿ, ಯಾರೂ ಇಲ್ಲದ ಹೊತ್ತಿನಲ್ಲಿ, ಎರಡು ಹಾಸಿಗೆಗಳ ನಡುವೆ ಕೈ ಸ್ವಚ್ಛ ಮಾಡಿಕೊಳ್ಳುವವರು ಯಾರು ಎಂಬುದು ಎಕ್ಸ್ಟರ್ನಲ್ಲಿಗೆ ಎಂದೂ ಗೊತ್ತಾಗುವುದಿಲ್ಲ.

ಆದರೆ ಆ ನೂರು ಅಂಕ ತುಂಬುವ ಬಗೆ ಹೇಗಿದೆ? ಕೇಸ್ ಪ್ರೆಸೆಂಟೇಶನ್ ಇಷ್ಟು, ಕೇರ್ ಪ್ಲಾನ್ ಇಷ್ಟು, ಡ್ರಗ್ ಸ್ಟಡಿ ಇಷ್ಟು, ಸೆಮಿನಾರ್ ಇಷ್ಟು ಎಂದು ಪಟ್ಟಿ ಇರುತ್ತದೆ. ಪಟ್ಟಿಯಲ್ಲಿರುವುದರಲ್ಲಿ ಹೆಚ್ಚಿನವು ಬರಹಗಳು. ರೋಗಿಯ ಹಾಸಿಗೆಯ ಪಕ್ಕ ನಿಂತು ಬೋಧಕರು ಕಣ್ಣಾರೆ ಕಂಡದ್ದಕ್ಕೆ ಇರುವ ಜಾಗ ಕಿರಿದು. ಕ್ಲಿನಿಕಲ್ ಇವ್ಯಾಲ್ಯುಯೇಶನ್ ಎಂಬ ನಮೂನೆಯೊಂದು ಇರುತ್ತದೆ, ಪೋಸ್ಟಿಂಗ್ ಮುಗಿಯುವ ಹೊತ್ತಿಗೆ ಅದು ಭರ್ತಿಯಾಗುತ್ತದೆ. ಒಂದರಿಂದ ಐದರವರೆಗಿನ ಕಾಲಮ್ಮಿನಲ್ಲಿ ನಾಲ್ಕಕ್ಕೆ ಟಿಕ್, ಮತ್ತೆ ನಾಲ್ಕಕ್ಕೆ ಟಿಕ್. ಲಾಗ್ ಬುಕ್ಕಿನಲ್ಲಿ ಹಲವು ವಾರಗಳ ಸಹಿ ಒಂದೇ ಮಧ್ಯಾಹ್ನ ಬೀಳುವುದೂ ಉಂಟು.

ಇದಕ್ಕೆ ಬೋಧಕರ ಸೋಮಾರಿತನವೇ ಕಾರಣ ಎನ್ನುವುದು ಅನ್ಯಾಯ. ಅವರಿಗೆ ಬಿ.ಎಸ್ಸಿ ತರಗತಿಗಳಿವೆ, ತಪಾಸಣೆಗೆ ಬರುವವರಿಗೆ ಕಡತ ಸಿದ್ಧ ಮಾಡಬೇಕಿದೆ, ಪ್ರವೇಶದ ಹೊತ್ತಿನಲ್ಲಿ ಬೇರೆ ಕೆಲಸಗಳೂ ಬೀಳುತ್ತವೆ. ಅದಕ್ಕಿಂತ ದೊಡ್ಡದು ದಾಕ್ಷಿಣ್ಯ. ಪಾಠ ಹೇಳುವವರು, ಡಿಸರ್ಟೇಶನ್ನಿಗೆ ಗೈಡ್ ಆದವರು, ಇಂಟರ್ನಲ್ ಅಂಕ ಹಾಕುವವರು, ಪರೀಕ್ಷೆಯ ದಿನ ಒಳಗಿನ ಪರೀಕ್ಷಕರಾಗಿ ನಿಲ್ಲುವವರು ಬಹಳ ಸಲ ಒಬ್ಬರೇ. ತಾವೇ ಕಲಿಸಿದ ಹುಡುಗಿಗೆ ಕಡಿಮೆ ಅಂಕ ಹಾಕಿದರೆ ಅದು ತಮ್ಮ ಪಾಠದ ಮೇಲೂ ಬರುವ ಮಾತು. ಪಕ್ಕದ ಕಾಲೇಜಿನವರು ಧಾರಾಳವಾಗಿ ಕೊಟ್ಟು, ತಾವೊಬ್ಬರೇ ಕೈ ಬಿಗಿ ಹಿಡಿದರೆ ತಮ್ಮ ಮಕ್ಕಳಿಗೇ ನಷ್ಟ ಎಂಬ ಅಳುಕೂ ಇದೆ. ಹೀಗಾಗಿ ಎಲ್ಲರ ಅಂಕವೂ ಮೇಲಿನ ಒಂದು ಸಣ್ಣ ಪಟ್ಟಿಯೊಳಗೆ ಬಂದು ಕೂರುತ್ತದೆ. ನಿಜಕ್ಕೂ ಚೆನ್ನಾಗಿ ಕೆಲಸ ಮಾಡಿದವಳಿಗೂ, ಹೇಗೋ ಪೋಸ್ಟಿಂಗ್ ಕಳೆದವಳಿಗೂ ನಡುವೆ ನಾಲ್ಕೈದು ಅಂಕದ ಅಂತರ. ಮೊದಲನೆಯವಳಿಗೆ ಆಗುವ ಅನ್ಯಾಯವನ್ನು ಯಾರೂ ಲೆಕ್ಕ ಇಟ್ಟಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಸದಾ ಕಾಡುತ್ತದೆ. ಮೌಲ್ಯಮಾಪನದ ದೋಷಗಳೆಲ್ಲ ಈ ವಿದ್ಯಾರ್ಥಿಗಳಿಗೆ ಪಾಠದಲ್ಲೇ ಇವೆ. ಮೊದಲ ವರ್ಷದ ನರ್ಸಿಂಗ್ ಎಜುಕೇಶನ್ ಪತ್ರಿಕೆಯಲ್ಲಿ ಅವರು ಪ್ರಶ್ನೆಪತ್ರಿಕೆಗೆ ಬ್ಲೂಪ್ರಿಂಟ್ ಮಾಡಲು ಕಲಿಯುತ್ತಾರೆ, ಚೆಕ್‌ಲಿಸ್ಟಿಗೂ ರೇಟಿಂಗ್ ಸ್ಕೇಲಿಗೂ ಇರುವ ವ್ಯತ್ಯಾಸ ಓದುತ್ತಾರೆ, ಒಂದು ಗುಣ ಇಷ್ಟವಾದ ಕೂಡಲೇ ಎಲ್ಲಕ್ಕೂ ಹೆಚ್ಚು ಅಂಕ ಕೊಟ್ಟುಬಿಡುವ ಹೇಲೋ ಎಫೆಕ್ಟ್ ಬಗ್ಗೆ ಉತ್ತರ ಬರೆಯುತ್ತಾರೆ. ಆ ವಿಷಯದ ಪ್ರಾಯೋಗಿಕ ಪರೀಕ್ಷೆಯಲ್ಲಿ ತರಗತಿಗೆ ಪಾಠ ಮಾಡಿ ತೋರಿಸಬೇಕು, ಬೋಧನಾ ಸಾಮಗ್ರಿ ತಯಾರಿಸಬೇಕು, ಪರೀಕ್ಷೆಯ ಪ್ರಶ್ನೆಗಳನ್ನೋ ರೊಟೇಶನ್ ಪ್ಲಾನನ್ನೋ ರಚಿಸಬೇಕು. ಇಡೀ ಕೋರ್ಸಿನಲ್ಲಿ ಕಲಿಸುವುದಕ್ಕೂ ಅಳೆಯುವುದಕ್ಕೂ ನಂಟು ಗಟ್ಟಿಯಾಗಿರುವುದು ಇಲ್ಲೇ. ನಾಳೆ ಇವರೇ ಬೋಧಕರು. ತಮ್ಮನ್ನು ಹೇಗೆ ಅಳೆದರೋ ಹಾಗೆಯೇ ಮುಂದಿನವರನ್ನು ಅಳೆಯುತ್ತಾರೆ, ಪುಸ್ತಕದಲ್ಲಿ ಏನೇ ಓದಿರಲಿ.

ಅಡ್ವಾನ್ಸ್ಡ್ ನರ್ಸಿಂಗ್ ಪ್ರಾಕ್ಟೀಸಿನದು ಬೇರೆಯೇ ಕಥೆ. ಅದಕ್ಕೆ 200 ಗಂಟೆ ಪ್ರಾಯೋಗಿಕ ನಿಗದಿಯಾಗಿದೆ, ಆದರೆ ಪ್ರಾಯೋಗಿಕ ಪರೀಕ್ಷೆ ಇಲ್ಲ. ಅಂಕ ಇಲ್ಲದ ಕಡೆ ಕಲಿಕೆ ಸೊರಗುತ್ತದೆ. ಇದನ್ನು ಸರಿಪಡಿಸುವುದು ಕಷ್ಟವಲ್ಲ.

ಪರೀಕ್ಷೆಯ ದಿನದ ನೂರು ಅಂಕಕ್ಕೆ ಮರಳಿದರೆ, ಅಲ್ಲಿನ ದೊಡ್ಡ ತೊಡಕು ಅದೃಷ್ಟ. ಬೆಳಿಗ್ಗೆ ಚೀಟಿ ಎತ್ತಿ ಕೇಸ್ ಹಂಚಿದಾಗ ಒಬ್ಬಳಿಗೆ ಹರ್ನಿಯಾ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಹೊರಟು ನಿಂತ ಯುವಕ ಸಿಗುತ್ತಾನೆ, ಇನ್ನೊಬ್ಬಳಿಗೆ ಮಧುಮೇಹ, ಮೂತ್ರಪಿಂಡದ ತೊಂದರೆ, ಕಾಲಿನ ಹುಣ್ಣು ಮೂರೂ ಇರುವ ಅಜ್ಜ. ಇಬ್ಬರಿಗೂ ಅಂಕದ ಅಳತೆಗೋಲು ಒಂದೇ. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಕಂಡದ್ದೂ ಇದೇ ತೊಡಕನ್ನು. ರೋಗಿ ಯಾರು, ಪರೀಕ್ಷಕ ಯಾರು ಎಂಬುದರ ಮೇಲೆ ಅಂಕ ಏರಿಳಿಯಬಾರದೆಂದು ಅವರು 1975ರಲ್ಲಿ ಆಸ್ಕಿ ಎಂಬ ಕ್ರಮವನ್ನು ವಿವರಿಸಿದರು. ಹಲವು ಸ್ಟೇಷನ್‌ಗಳು, ಒಂದೊಂದಕ್ಕೂ ಕೆಲವೇ ನಿಮಿಷ, ಎಲ್ಲರಿಗೂ ಒಂದೇ ಕೆಲಸ, ಮೊದಲೇ ಬರೆದಿಟ್ಟ ಅಂಕದ ಪಟ್ಟಿ. ಭಾರತದಲ್ಲಿ 2021ರಲ್ಲಿ ಬಂದ ಬಿ.ಎಸ್ಸಿ ನರ್ಸಿಂಗಿನ ಹೊಸ ಸೆಮಿಸ್ಟರ್ ಪಠ್ಯಕ್ರಮ ಆಸ್ಕಿಯನ್ನು ಒಳಗೆ ತಂದಿದೆ. ಕೌನ್ಸಿಲ್ ರೂಪಿಸಿದ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ರೆಸಿಡೆನ್ಸಿಯಲ್ಲೂ ಅದು ಇದೆ. ಆ ಕೋರ್ಸಿನ ಶೇ 80 ಭಾಗ ವಾರ್ಡಿನ ಕೆಲಸ, ಶೇ 20 ಮಾತ್ರ ಥಿಯರಿ. ಹಾಸನದಿಂದಲೋ ಮಂಗಳೂರಿನಿಂದಲೋ ಬ್ರಿಟನ್ನಿಗೆ ಕೆಲಸಕ್ಕೆ ಹೋಗುವ ನಮ್ಮ ನರ್ಸ್‌ಗಳು ಅಲ್ಲಿನ ನೋಂದಣಿಗಾಗಿ ಹತ್ತು ಸ್ಟೇಷನ್ನುಗಳ ಆಸ್ಕಿ ಎದುರಿಸಬೇಕು. ಸಾಂಪ್ರದಾಯಿಕ ಪರೀಕ್ಷೆಯಲ್ಲೇ ಓದಿ ಬಂದ ಅನುಭವಿಗಳೂ ಅದಕ್ಕಾಗಿ ಮತ್ತೆ ತರಬೇತಿ ಪಡೆಯುತ್ತಾರೆ.

ಹಾಗೆಂದು ಎಂ.ಎಸ್ಸಿಯ ಬೆಡ್‌ಸೈಡ್ ಪರೀಕ್ಷೆಯನ್ನು ಪೂರ್ತಿ ಆಸ್ಕಿಗೆ ಬದಲಾಯಿಸಿಬಿಡಬೇಕು ಎಂದು ನಾನು ಹೇಳಲಾರೆ. ಸ್ಟೇಷನ್ನುಗಳಲ್ಲಿ ಕೌಶಲವನ್ನು ತುಂಡು ತುಂಡಾಗಿ ಅಳೆಯಬಹುದು. ಸ್ನಾತಕೋತ್ತರ ನರ್ಸಿನಲ್ಲಿ ಹುಡುಕಬೇಕಾದದ್ದು ತುಂಡುಗಳನ್ನು ಜೋಡಿಸುವ ವಿವೇಕವನ್ನು. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಎರಡನೇ ದಿನ. ರೋಗಿಯ ತೂಕ 60 ಕಿಲೊ. ರಕ್ತದೊತ್ತಡ ಸರಿಯಾಗಿಯೇ ಇದೆ. ಆದರೆ ನಾಡಿಬಡಿತ ಬೆಳಿಗ್ಗೆ 88 ಇದ್ದದ್ದು ಈಗ 112. ಮೂತ್ರದ ಚೀಲಕ್ಕೆ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆ ಬರುತ್ತಿದೆ. ರೋಗಿ ಸ್ವಲ್ಪ ಚಡಪಡಿಸುತ್ತಿದ್ದಾನೆ. ಒಂದೊಂದನ್ನೇ ನೋಡಿದರೆ ಗಾಬರಿ ಬೀಳುವಂಥದ್ದೇನೂ ಇಲ್ಲ, ಕೂಡಿಸಿ ನೋಡಿದರೆ ಒಳಗೆ ರಕ್ತಸ್ರಾವವೋ ಸೋಂಕೋ ಶುರುವಾಗಿರಬಹುದು. ಡ್ಯೂಟಿ ಡಾಕ್ಟರಿಗೆ ಈಗಲೇ ಫೋನ್ ಮಾಡುವುದೇ, ಏನೆಂದು ಹೇಳುವುದು, ಅವರು ಬರುವಷ್ಟರಲ್ಲಿ ಏನೇನು ಸಿದ್ಧ ಇಡುವುದು? ಎಂ.ಎಸ್ಸಿ ವಿದ್ಯಾರ್ಥಿಗೆ ಕೇಳಬೇಕಾದ ಪ್ರಶ್ನೆಗಳು ಇಂಥವು. ಅಮೆರಿಕದ ಪೆಟ್ರೀಶಿಯಾ ಬೆನ್ನರ್ ನರ್ಸಿನ ಬೆಳವಣಿಗೆಯನ್ನು ಹೊಸಬರಿಂದ ಪರಿಣತರವರೆಗೆ ಐದು ಹಂತಗಳಲ್ಲಿ ವಿವರಿಸಿ 1984ರಲ್ಲೇ ಪುಸ್ತಕ ಬರೆದರು. ಪರಿಣತಿ ಬೆಳೆಯುವುದು ಇಂಥ ಸಂದರ್ಭಗಳನ್ನು ಹಾದು ಬಂದಾಗಲೇ ಎಂಬುದು ಅವರ ವಾದದ ತಿರುಳು. ವೈವಾದಲ್ಲಿ ಮಾತ್ರ ಇಂದಿಗೂ ವ್ಯಾಖ್ಯೆ ಒಪ್ಪಿಸಿ, ವಿಧಗಳನ್ನು ಹೇಳಿ, ಲಕ್ಷಣಗಳ ಪಟ್ಟಿ ಹೇಳಿ ಎಂಬ ಪ್ರಶ್ನೆಗಳು ಹೇರಳ. ಬಿ.ಎಸ್ಸಿ ಎರಡನೇ ವರ್ಷದವಳೂ ಉರು ಹೊಡೆದು ಹೇಳಬಲ್ಲಳು.

ವಾರ್ಡಿನ ಪರೀಕ್ಷೆಯಲ್ಲಿ ಇನ್ನೊಬ್ಬರಿದ್ದಾರೆ, ರೋಗಿ. ಕೌನ್ಸಿಲ್ಲಿನ ಪರೀಕ್ಷಾ ನಿಯಮಗಳಲ್ಲಿ ಹಾಜರಿ, ಅಂಕ, ಪ್ರಯತ್ನ, ಪರೀಕ್ಷಕರ ಅರ್ಹತೆ ಎಲ್ಲಕ್ಕೂ ಸಾಲುಗಳಿವೆ. ರೋಗಿಯ ಒಪ್ಪಿಗೆ ಕೇಳಬೇಕು, ಎಷ್ಟು ಹೊತ್ತು ಅವರನ್ನು ಪರೀಕ್ಷೆಗೆ ಒಳಪಡಿಸಬಹುದು ಎಂಬುದಕ್ಕೂ ಅಷ್ಟೇ ಸ್ಪಷ್ಟವಾದ ಸಾಲು ಬೇಕು. ಜ್ವರದಲ್ಲಿ ನರಳುವವರ ಎದೆಗೆ ವಿದ್ಯಾರ್ಥಿ ಒಮ್ಮೆ, ಪರೀಕ್ಷಕರು ಒಮ್ಮೆ ಸ್ಟೆತಸ್ಕೋಪ್ ಇಡುತ್ತಾರೆ. ಪರದೆ ಎಳೆದಿದ್ದಾರೋ ಇಲ್ಲವೋ ಎಂಬುದಕ್ಕೂ ಅಂಕ ಇರಬೇಕು.

ಕರ್ನಾಟಕದಲ್ಲಿ ಭಾಷೆಯ ಮಾತೂ ಸೇರಿಕೊಳ್ಳುತ್ತದೆ. ಕೇರಳ, ಪಶ್ಚಿಮ ಬಂಗಾಳ, ಈಶಾನ್ಯ ರಾಜ್ಯಗಳ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ನರ್ಸಿಂಗ್ ಓದಲು ಬರುತ್ತಾರೆ. ಬೋಧನೆ ಇಂಗ್ಲಿಷಿನಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ. ಹಾಸಿಗೆಯಲ್ಲಿ ಮಲಗಿದ ಅಜ್ಜಿಗೆ ಗೊತ್ತಿರುವುದು ಕನ್ನಡ, ಅದರಲ್ಲೂ ಕಲಬುರಗಿ ಕಡೆಯದೋ ಚಾಮರಾಜನಗರದ್ದೋ. ‘ಎದೆ ಹಿಡ್ಕೊಂಡಂಗ ಆಗ್ತದ’ ಎಂದು ಅವರು ಹೇಳಿದ್ದನ್ನು ವಿದ್ಯಾರ್ಥಿನಿ ತಿಳಿದುಕೊಂಡಳೇ? ನೋವು ಎಂದಳೇ, ಉಸಿರು ಕಟ್ಟುವುದು ಎಂದಳೇ? ಅವಳು ಪರೀಕ್ಷಕರಿಗೆ ಇಂಗ್ಲಿಷಿನಲ್ಲಿ ಒಪ್ಪಿಸುವ ಚರಿತ್ರೆ ಅಚ್ಚುಕಟ್ಟಾಗಿರಬಹುದು. ಅದರ ಮೂಲ ಸರಿ ಇದೆಯೇ ಎಂದು ನೋಡುವವರು ಬೇಕು. ಹೊರರಾಜ್ಯದವರನ್ನು ದೂರವಿಡಬೇಕು ಎಂಬುದು ಇದರ ಅರ್ಥವಲ್ಲ. ಎರಡು ವರ್ಷ ಕನ್ನಡದ ರೋಗಿಗಳ ನಡುವೆ ದುಡಿಯುವ ವಿದ್ಯಾರ್ಥಿಗೆ ಅವರ ಮಾತು ತಿಳಿಯುವಷ್ಟು ಕನ್ನಡ ಕಲಿಸುವುದು, ಅದನ್ನು ವಾರ್ಡಿನ ಮೌಲ್ಯಮಾಪನದಲ್ಲಿ ಒಂದು ಅಂಶವಾಗಿ ನೋಡುವುದು ಕಾಲೇಜಿನ ಹೊಣೆ. ಮಾನಸಿಕ ಆರೋಗ್ಯ ನರ್ಸಿಂಗಿನಲ್ಲಂತೂ ಮಾತೇ ಚಿಕಿತ್ಸೆಯ ಸಾಧನ. ಕಷ್ಟಪಟ್ಟು ಕನ್ನಡ ಕಲಿತು ರೋಗಿಗಳ ಮನಗೆದ್ದ ಮಲಯಾಳಿ ಸಿಸ್ಟರ್‌ಗಳು ನಮ್ಮ ಊರೂರ ಆಸ್ಪತ್ರೆಗಳಲ್ಲಿದ್ದಾರೆ. ಆ ಶ್ರಮಕ್ಕೆ ಓದುವಾಗಲೇ ಒಂದೆರಡು ಅಂಕದ ಮನ್ನಣೆ ಸಿಗಲಿ.

ಡಿಸರ್ಟೇಶನ್ನಿನ ವಿಷಯಕ್ಕೆ ಬಂದರೆ ಹೇಳುವುದು ಬಹಳ ಇದೆ. ಮೊದಲ ವರ್ಷದ ಒಂಬತ್ತನೇ ತಿಂಗಳ ಕೊನೆಗೆ ಸಂಶೋಧನಾ ಪ್ರಸ್ತಾವ, ಎರಡನೇ ವರ್ಷದ ಒಂಬತ್ತನೇ ತಿಂಗಳ ಕೊನೆಗೆ ಪ್ರಬಂಧ ಎಂಬುದು ಕೌನ್ಸಿಲ್ ಸೂಚಿಸಿದ ವೇಳಾಪಟ್ಟಿ. ನಡುವೆ ಎಥಿಕ್ಸ್ ಕಮಿಟಿಯ ಒಪ್ಪಿಗೆ, ಪ್ರಶ್ನಾವಳಿಗೆ ತಜ್ಞರಿಂದ ವ್ಯಾಲಿಡಿಟಿ, ಪೈಲಟ್ ಸ್ಟಡಿ, ಡೇಟಾ ಕಲೆಕ್ಷನ್, ಸಂಖ್ಯಾಶಾಸ್ತ್ರಜ್ಞರ ಬಾಗಿಲು ತಟ್ಟುವುದು. ಇದಕ್ಕೆ 300 ಗಂಟೆ, 200 ಅಂಕ. ಇಲ್ಲಿಯ ನಿಯಮದಲ್ಲಿ ಗೈಡ್ ಆದವರೇ ಒಳಗಿನ ಪರೀಕ್ಷಕರು. ಕೆಲಸವನ್ನು ಹತ್ತಿರದಿಂದ ಬಲ್ಲವರು ಇರಲಿ ಎಂಬುದು ಉದ್ದೇಶ. ಆದರೆ ಗೈಡ್ ತಾವೇ ತಿದ್ದಿದ ಪ್ರಬಂಧಕ್ಕೆ ತಾವೇ ಅಂಕ ಹಾಕಬೇಕಾಗುತ್ತದೆ. ಹೊರಗಿನವರು ಗಟ್ಟಿಯಾಗಿದ್ದರೆ ಸರಿ, ಇಲ್ಲದಿದ್ದರೆ ವೈವಾ ಸನ್ಮಾನ ಸಮಾರಂಭದಂತೆ ಮುಗಿಯುತ್ತದೆ.

ಗ್ರಂಥಾಲಯದ ಕಪಾಟಿನಲ್ಲಿ ಸಾಲಾಗಿ ನಿಂತ ಪ್ರಬಂಧಗಳ ಬೆನ್ನು ಓದಿದರೆ ಒಂದು ವಾಕ್ಯ ಮರಳಿ ಮರಳಿ ಸಿಗುತ್ತದೆ: ಇಂಥ ವಿಷಯದ ಬಗ್ಗೆ ಇಂಥವರ ಜ್ಞಾನದ ಮೇಲೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಮಿನ ಪರಿಣಾಮ. ಒಂದು ಗುಂಪಿಗೆ ಪ್ರಶ್ನಾವಳಿ ಕೊಡುವುದು, ಪಾಠ ಹೇಳುವುದು, ಏಳನೇ ದಿನ ಅದೇ ಪ್ರಶ್ನಾವಳಿ ಮತ್ತೆ ಕೊಡುವುದು. ಅಂಕ ಏರಿರುತ್ತದೆ, ಏರದೆ ಇರುವುದು ಹೇಗೆ? ವಯಸ್ಸು, ಧರ್ಮ, ಆದಾಯಗಳ ಜೊತೆ ಕೈ-ಸ್ಕ್ವೇರ್ ಪರೀಕ್ಷೆ ಹಾಕಿ ಕೊನೆಯ ಅಧ್ಯಾಯ ಮುಗಿಯುತ್ತದೆ. ಹೀಗೆ ಮಾಡುವ ವಿದ್ಯಾರ್ಥಿಗಳು ಹೊಣೆಗೇಡಿಗಳಲ್ಲ. ಸಮಯ ಕಡಿಮೆ, ಹಣ ಕೈಯಿಂದ ಹಾಕಬೇಕು, ಆಸ್ಪತ್ರೆಯ ಅನುಮತಿ ಕಷ್ಟ, ಮತ್ತು ಈ ಮಾದರಿ ಸಲೀಸಾಗಿ ಪಾಸಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮೌಲ್ಯಮಾಪನ ಯಾವುದನ್ನು ಒಪ್ಪುತ್ತದೋ ಸಂಶೋಧನೆ ಅದರ ಹಿಂದೆಯೇ ಹೋಗುತ್ತದೆ. ಕೈ ತೊಳೆಯುವ ಬಗ್ಗೆ ನರ್ಸ್‌ಗಳಿಗೆ ಎಷ್ಟು ಗೊತ್ತು ಎಂದು ಕೇಳುವ ಬದಲು, ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಐದು ಸಂದರ್ಭಗಳಲ್ಲಿ ಅವರು ನಿಜಕ್ಕೂ ಎಷ್ಟು ಸಲ ಕೈ ಸ್ವಚ್ಛ ಮಾಡಿಕೊಂಡರು ಎಂದು ವಾರ್ಡಿನಲ್ಲಿ ಕೂತು ಎಣಿಸಿದ ಪ್ರಬಂಧವಿದೆ ಎಂದುಕೊಳ್ಳಿ. ಫಲಿತಾಂಶ ನಿರಾಶೆಯದ್ದಾದರೂ ಅದಕ್ಕೆ ಹೆಚ್ಚು ಅಂಕ ಸಿಗಬೇಕು. ಹಾಗೆಂದು ಅಂಕ ಕೊಡುವ ಪಟ್ಟಿಯಲ್ಲಿ ಮೊದಲೇ ಬರೆದಿಡಬೇಕು. ಎರಡು ಮೂರು ತಂಡ ವಿದ್ಯಾರ್ಥಿಗಳು ಹೊರಬೀಳುವಷ್ಟರಲ್ಲಿ ಕಪಾಟು ಬದಲಾಗುತ್ತದೆ.

ಸಂಖ್ಯಾಶಾಸ್ತ್ರದ ಭಯವೂ ಇಲ್ಲೇ ಕೆಲಸ ಮಾಡುತ್ತದೆ. ಸಂಶೋಧನೆಯ ಪತ್ರಿಕೆಯಲ್ಲಿ 50 ಅಂಕ ಸಂಶೋಧನೆಗೆ, 25 ಸಂಖ್ಯಾಶಾಸ್ತ್ರಕ್ಕೆ. ಆ 25ನ್ನು ಹೇಗೋ ದಾಟಿದವರು ಪ್ರಬಂಧದ ಲೆಕ್ಕವನ್ನು ಬೇರೆಯವರಿಗೆ ವಹಿಸಿಬಿಡುತ್ತಾರೆ.

ಒಂದು ಕಾಲದಲ್ಲಿ ಈ ಕೋರ್ಸು ಬೆರಳೆಣಿಕೆಯ ಜನರದ್ದಾಗಿತ್ತು. ದೆಹಲಿಯಲ್ಲಿ 1946ರಲ್ಲಿ ಆರಂಭವಾಗಿ ಮುಂದೆ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರು ಪಡೆದ ಕಾಲೇಜಿನಲ್ಲಿ 1959ರಲ್ಲಿ ದೇಶದ ಮೊದಲ ನರ್ಸಿಂಗ್ ಸ್ನಾತಕೋತ್ತರ ತರಗತಿ ತೆರೆಯಿತು. ಕೆಲವೇ ವಿದ್ಯಾರ್ಥಿಗಳು, ಎಲ್ಲರನ್ನೂ ಬಲ್ಲ ಗುರುಗಳು ಇದ್ದಲ್ಲಿ ಇಂಟರ್ನಲ್ ಅಂಕ ನಂಬಿಕೆಯ ಮೇಲೆ ನಡೆಯಬಹುದು. ಈಗ ಕರ್ನಾಟಕದಲ್ಲೇ ನರ್ಸಿಂಗ್ ಕಾಲೇಜುಗಳು ನೂರಾರು. ಸ್ನಾತಕೋತ್ತರ ತರಗತಿಗಳೂ ಜಿಲ್ಲೆ ಜಿಲ್ಲೆಗೆ ಹರಡಿವೆ. ಕೌನ್ಸಿಲ್ ಹುಟ್ಟಿದ್ದು 1947ರ ಕಾಯ್ದೆಯಿಂದ. ಅದರ ಜಾಗಕ್ಕೆ ಹೊಸ ವ್ಯವಸ್ಥೆ ತರಲು ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ಮೌಲ್ಯಮಾಪನಕ್ಕೆಂದೇ ಒಂದು ಮಂಡಳಿ ಇದೆ, ಆದರೆ ಅದು ಅಳೆಯುವುದು ಸಂಸ್ಥೆಗಳನ್ನು. ಆ ಮಂಡಳಿಯವರು ಕಾಲೇಜಿಗೆ ಬಂದಾಗ ಕಟ್ಟಡ, ಪ್ರಯೋಗಾಲಯ, ಪುಸ್ತಕಗಳ ಸಂಖ್ಯೆಯ ಜೊತೆಗೆ ಇಂಟರ್ನಲ್ ಅಂಕದ ಹಿಂದೆ ಇರುವ ದಾಖಲೆಗಳನ್ನೂ ತೆರೆಸಿ ನೋಡಿದರೆ ದೊಡ್ಡ ಉಪಕಾರವಾಗುತ್ತದೆ.

ಕಲಿಸುವವರು ಬೇರೆ, ಅಳೆಯುವವರು ಬೇರೆ ಇರಲಿ ಎಂಬ ಮಾರ್ಗವನ್ನು ಬ್ರಿಟನ್ ಹಿಡಿದಿದೆ. ಅಲ್ಲಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ 2018ರ ಮಾನದಂಡಗಳಲ್ಲಿ ವಾರ್ಡಿನಲ್ಲಿ ಜೊತೆ ನಿಂತು ಕಲಿಸುವ ಪ್ರಾಕ್ಟೀಸ್ ಸೂಪರ್‌ವೈಸರ್ ಮತ್ತು ನಿರ್ಣಯ ಕೊಡುವ ಪ್ರಾಕ್ಟೀಸ್ ಅಸೆಸರ್ ಇಬ್ಬರನ್ನೂ ಬೇರ್ಪಡಿಸಿತು. ಒಬ್ಬ ವಿದ್ಯಾರ್ಥಿಗೆ ಒಬ್ಬರೇ ಎರಡೂ ಆಗುವಂತಿಲ್ಲ. ಅಸೆಸರ್ ಆದವರು ಸೂಪರ್‌ವೈಸರುಗಳ ಟಿಪ್ಪಣಿ ಓದಿ, ತಾವೂ ಕಣ್ಣಾರೆ ನೋಡಿ ತೀರ್ಮಾನಕ್ಕೆ ಬರುತ್ತಾರೆ. ನಮ್ಮ ದಾಕ್ಷಿಣ್ಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಕಾಣುತ್ತಿಲ್ಲ. ಮೆಡಿಕಲ್-ಸರ್ಜಿಕಲ್ ವಿಭಾಗದ ಬೋಧಕರು ಮಕ್ಕಳ ವಿಭಾಗದ ವಿದ್ಯಾರ್ಥಿಯನ್ನು ಅಳೆಯಬೇಕು ಎಂದೇನೂ ಅಲ್ಲ. ಒಂದೇ ವಿಭಾಗದ ಇಬ್ಬರು ಬೋಧಕರು ತಮ್ಮ ವಿದ್ಯಾರ್ಥಿಗಳನ್ನು ಅದಲುಬದಲು ಮಾಡಿಕೊಂಡರೂ ಅರ್ಧ ಕೆಲಸ ಆಗುತ್ತದೆ. ವಾರ್ಡಿನ ನರ್ಸಿಂಗ್ ಆಫೀಸರ್‌ಗಳ ಅಭಿಪ್ರಾಯಕ್ಕೂ ಅದರಲ್ಲಿ ಪಾಲು ಕೊಡಬಹುದು. ವಿದ್ಯಾರ್ಥಿ ಬೆಳಗಿನ ಪಾಳಿಗೆ ಎಷ್ಟು ಹೊತ್ತಿಗೆ ಬಂದಳು, ಹ್ಯಾಂಡೋವರ್ ಸರಿಯಾಗಿ ಕೊಟ್ಟಳೇ ಎಂಬುದು ಅವರಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಇದಕ್ಕೆ ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ನೂರು ಅಂಕವನ್ನು ಹೇಗೆ ತುಂಬಬೇಕು ಎಂಬುದರಲ್ಲಿ ಕಾಲೇಜಿಗೆ ಸಾಕಷ್ಟು ಸ್ವಾತಂತ್ರ್ಯ ಇದೆ. ಅಮೆರಿಕದ ಜಾನ್ ನಾರ್ಸಿನಿ ಮತ್ತು ಜೊತೆಗಾರರು 1995ರಲ್ಲಿ ಕಿರಿಯ ವೈದ್ಯರಿಗಾಗಿ ಮಿನಿ-ಸಿಇಎಕ್ಸ್ ಎಂಬ ವಿಧಾನವನ್ನು ಪ್ರಕಟಿಸಿದರು. ಪರೀಕ್ಷೆಯ ವಾತಾವರಣವಿಲ್ಲದೆ, ಮಾಮೂಲಿ ಕೆಲಸದ ನಡುವೆ, ಕಲಿಯುವವರು ರೋಗಿಯೊಂದಿಗೆ ಇರುವುದನ್ನು ಹಿರಿಯರೊಬ್ಬರು ಹದಿನೈದಿಪ್ಪತ್ತು ನಿಮಿಷ ನೋಡುತ್ತಾರೆ, ಒಂದು ಪುಟದ ನಮೂನೆ ತುಂಬುತ್ತಾರೆ, ಆಗಲೇ ಪಕ್ಕಕ್ಕೆ ಕರೆದು ಯಾವುದು ಚೆನ್ನಾಗಿತ್ತು, ಯಾವುದನ್ನು ತಿದ್ದಿಕೊಳ್ಳಬೇಕು ಎಂದು ಹೇಳುತ್ತಾರೆ. ವರ್ಷದಲ್ಲಿ ಹಲವು ಸಲ, ಬೇರೆ ಬೇರೆ ರೋಗಿಗಳ ಜೊತೆ, ಬೇರೆ ಬೇರೆ ಹಿರಿಯರಿಂದ. ಆರು ಸಲ ಇಪ್ಪತ್ತು ನಿಮಿಷವೆಂದರೆ ಒಬ್ಬ ವಿದ್ಯಾರ್ಥಿಗೆ ಎರಡು ಗಂಟೆ. ಹತ್ತು ಮಂದಿಗೆ ಇಡೀ ವರ್ಷಕ್ಕೆ ಇಪ್ಪತ್ತು ಗಂಟೆ. ಎಷ್ಟೇ ಕೆಲಸದ ಒತ್ತಡವಿರುವ ವಿಭಾಗಕ್ಕೂ ಇದು ಅಸಾಧ್ಯವಲ್ಲ. ಆ ಹಾಳೆಗಳನ್ನು ವಿದ್ಯಾರ್ಥಿ ಓದಿ ಸಹಿ ಹಾಕಲಿ. ಒಪ್ಪದಿದ್ದರೆ ತನ್ನ ಮಾತನ್ನೂ ಕೆಳಗೆ ಬರೆಯಲಿ. ವರ್ಷದ ಕೊನೆಗೆ ಅಂಕ ಯಾಕೆ ಇಷ್ಟು ಬಂತು ಎಂದು ಯಾರಾದರೂ ಕೇಳಿದರೆ ಬೋಧಕರ ಕೈಯಲ್ಲಿ ತೋರಿಸಲು ಪುರಾವೆ ಇರುತ್ತದೆ, ಕಡಿಮೆ ಕೊಡಲು ಧೈರ್ಯವೂ ಇರುತ್ತದೆ.

ಪರೀಕ್ಷೆಯ ದಿನ ಬರುವ ಹೊರಗಿನ ಪರೀಕ್ಷಕರಿಂದಲೂ ಒಂದು ಸಹಾಯ ಬೇಕು. ನಿಯಮದಂತೆ ಅವರು ಅದೇ ವಿಷಯದಲ್ಲಿ ಎಂ.ಎಸ್ಸಿ ಮಾಡಿ, ಸ್ನಾತಕೋತ್ತರ ತರಗತಿಗೆ ಕನಿಷ್ಠ ಮೂರು ವರ್ಷ ಪಾಠ ಹೇಳಿದವರು. ವಾರ್ಡಿಗೆ ಕಾಲಿಡುವ ಮೊದಲು ಅವರು ಆ ಹತ್ತು ವಿದ್ಯಾರ್ಥಿಗಳ ಹಾಳೆಗಳನ್ನು ತರಿಸಿಕೊಂಡು ಅರ್ಧ ಗಂಟೆ ಓದಲಿ. ಜೂನ್ ತಿಂಗಳಲ್ಲಿ ನೋವಿನ ಮಟ್ಟ ಕೇಳಲು ಮರೆತಿದ್ದಳೆಂದು ಬರೆದಿದ್ದರೆ ಇಂದು ಅದನ್ನೇ ಗಮನಿಸಲಿ. ಹಾಳೆಗಳೇ ಇಲ್ಲದೆ ಎಲ್ಲರ ಹೆಸರಿನ ಮುಂದೆ ತೊಂಬತ್ತರ ಆಸುಪಾಸಿನ ಅಂಕ ಕಂಡರೆ, ಅದನ್ನು ತಮ್ಮ ವರದಿಯಲ್ಲಿ ವಿಶ್ವವಿದ್ಯಾಲಯಕ್ಕೆ ಬರೆದು ತಿಳಿಸಲಿ.